ಹೊನ್ನಾವರ ಸೀಮೆಯ ಹಡಗುಕಟ್ಟೆಗಳು

ಕರ್ಕಿಯಿಂದ ಪಡುವಣಕ್ಕೆ ನಡೆದು ಪಾವಿನಕುರ್ವೆಯ ಮರಳದಂಡೆಯ ಮೇಲೆ ನಿಂತವರಿಗೆ ಕಡಲಿನಲ್ಲಿ ನೆತ್ತಿ ಮಟ್ಟಸವಾದ ಕೆಂಪುಕಲ್ಲಿನ ದ್ವೀಪವೊಂದು ಕಾಣುವುದು. ಕೆಳದಿಯ ನಾಯಕರ ಆಳಿಕೆಯಲ್ಲಿ ಬಲಗೊಂಡು ಬಸವರಾಜದುರ್ಗವೆಂದು ಹೆಸರಾದ ಇದನ್ನು ಇಂಗ್ಲಿಷರು ತಮ್ಮ ಕಾಗದಪತ್ರಗಳಲ್ಲಿ ಕೋಟೆಯ ದ್ವೀಪವೆಂದೇ ಬರೆದರು. ಅದರ ತೆಂಕಣಕ್ಕೆ ಶರಾವತಿಯ ಅಳಿವೆ; ಅಲ್ಲಿಂದಾಚೆಗೆ ಭಟ್ಕಳದ ಬಂದರ; ಬಡಗಣಕ್ಕೆ, ಕುಮಟೆಯನ್ನು ದಾಟಿದ ಮೇಲೆ, ಅಘನಾಶಿನಿಯ ಹಿನ್ನೀರಿನ ದಂಡೆಯಲ್ಲಿ ಮಿರ್ಜಾನಿನ ಕೋಟೆ. ಗಾಳಿ ಅನುಕೂಲವಾದರೆ ಒಂದು ಹಗಲಿನ ಹಾಯಿಪಯಣದಲ್ಲಿ ಮುಗಿದುಹೋಗುವ ಈ ಕಿರಿದಾದ ಕರಾವಳಿಯಲ್ಲಿ, 1763ರಿಂದ 1799ರವರೆಗಿನ ಮೂವತ್ತಾರು ವರ್ಷಗಳ ಅವಧಿಯಲ್ಲಿ, ಮೈಸೂರಿನ ಪ್ರಭುತ್ವವು ಯುದ್ಧನೌಕೆಗಳನ್ನು ಕಟ್ಟುವ ಕಾರ್ಯವನ್ನು ಮೂರು ಸಲ ಕೈಗೊಂಡಿತು. ಮೂರು ಸಲವೂ ಕಟ್ಟಿದುದು ಶತ್ರುವಿನ ಕೈ ಸೇರಿತು, ಅಥವಾ ನೀರಿನ ಪಾಲಾಯಿತು, ಅಥವಾ ಅರ್ಧದಲ್ಲಿಯೇ ನಿಂತುಹೋಯಿತು. ಶ್ರೀರಂಗಪಟ್ಟಣದ ತೋಪುಗಳ, ಬಾಣಗಳ ಕಥೆಯನ್ನು ನಮ್ಮಲ್ಲಿ ಶಾಲೆಯ ಮಕ್ಕಳೂ ಬಲ್ಲರು. ಅದೇ ಪ್ರಭುತ್ವದ, ಅದೇ ಉತ್ಸಾಹದಿಂದ ಹುಟ್ಟಿದ ಕಡಲಕಾರ್ಖಾನೆಗಳ ಕಥೆಯು ಮಾತ್ರ ಆಕರಗ್ರಂಥಗಳ ಅಡಿಟಿಪ್ಪಣಿಗಳಲ್ಲಿ ಚದುರಿಬಿದ್ದಿದೆ. ಅದನ್ನು ಒಂದೆಡೆಗೆ ತಂದು ನೋಡಿದಾಗ, ಈ ಸೋಲಿಗೆ ಮರದ ಕೊರತೆಯಾಗಲಿ ಬುದ್ಧಿಯ ಕೊರತೆಯಾಗಲಿ ಕಾರಣವಲ್ಲವೆಂದೂ, ಹಡಗನ್ನು ಎಣಿಸಿದ ಪ್ರಭುತ್ವವು ಹಡಗನ್ನು ಕಟ್ಟುವ, ನಡೆಸುವ, ಕಾಪಾಡುವ ಜನರನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೆಂದೂ ನನಗೆ ತೋರುತ್ತದೆ.

ಈ ತೀರದ ಜನಕ್ಕೆ ನೌಕಾಯುದ್ಧವು ಹೊಸದಾಗಿರಲಿಲ್ಲ. ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಹೊನ್ನಾವರಕ್ಕೆ ಬಂದಿದ್ದ ಮೊರಾಕೊ ದೇಶದ ಯಾತ್ರಿಕ ಇಬ್ನ್ ಬತೂತನು, ಅಲ್ಲಿನ ಸುಲ್ತಾನ ಜಮಾಲುದ್ದೀನನು ಗೋವೆಯನ್ನು ಗೆಲ್ಲಲು 52 ನಾವೆಗಳನ್ನು ಸಜ್ಜುಗೊಳಿಸಿದುದನ್ನು ಕಣ್ಣಾರೆ ಕಂಡು ಬರೆದಿರುವನು. ತಾನೂ ಆ ದಂಡಯಾತ್ರೆಯಲ್ಲಿ ಹೋದನು. ಆ ಪಡೆಯಲ್ಲಿ ಕುದುರೆಗಳನ್ನು ಒಯ್ಯುವುದಕ್ಕೆಂದೇ ಮಾಡಿದ ವಿಶೇಷ ನಾವೆಗಳಿದ್ದುವು: ಅವುಗಳ ಹಿಂಭಾಗವು ತೆರೆದುಕೊಳ್ಳುತ್ತಿತ್ತು, ಸವಾರನು ನಾವೆಯ ಒಳಗಿದ್ದಂತೆಯೇ ಕವಚ ತೊಟ್ಟು, ಕುದುರೆಯನ್ನೇರಿ, ದಡ ಮುಟ್ಟಿದ ಕೂಡಲೇ ನೇರವಾಗಿ ರಣಕ್ಕೆ ನುಗ್ಗಬಹುದಾಗಿತ್ತು. ಹದಿನಾರನೆಯ ಶತಮಾನದ ಆರಂಭದಲ್ಲಿ ಹೊನ್ನಾವರದ ತಿಮ್ಮೋಜನು ತನ್ನ ಸ್ವಂತ ನಾವೆಗಳೊಡನೆ ಈ ಕಡಲಿನಲ್ಲಿ ಸಂಚರಿಸುತ್ತ, 1510ರಲ್ಲಿ ಗೋವೆಯನ್ನು ಹಿಡಿಯಲು ಪೋರ್ಚುಗೀಸರ ಆಲ್ಬುಕರ್ಕನಿಗೆ ನೆರವಾದುದು ಪ್ರಸಿದ್ಧವೇ ಆಗಿದೆ. ಪೋರ್ಚುಗೀಸರ ತೋಪಿನ ಹಡಗುಗಳು ಬಂದ ತರುವಾಯ ಮಾತ್ರ ಕರಾವಳಿಯ ಅರಸರು ಕಡಲಿನ ಮೇಲಣ ತಮ್ಮ ಅಧಿಕಾರವನ್ನು ಮೆಲ್ಲಮೆಲ್ಲನೆ ಕಳೆದುಕೊಂಡರು.

ಇಲ್ಲಿನ ಬಡಗಿಗಳ ಹಳೆಯ ಕಸುಬು ಹಲಗೆಗಳನ್ನು ಹೊಲಿಯುವುದು. ಹಲಗೆಯ ಅಂಚಿನುದ್ದಕ್ಕೂ ಬೈರಿಗೆಯಿಂದ ಸಾಲುತೂತುಗಳನ್ನು ಕೊರೆದು, ಎರಡು ಹಲಗೆಗಳ ನಡುವಣ ಸಂದಿಗೆ ತೆಂಗಿನ ನಾರನ್ನು ತುಂಬಿ, ಕತ್ತದ ಹುರಿಯನ್ನು ಒಳಗಿನಿಂದ ಹೊರಕ್ಕೂ ಹೊರಗಿನಿಂದ ಒಳಕ್ಕೂ ಎಳೆದೆಳೆದು ಬಿಗಿದು, ತೂತುಗಳನ್ನು ಮುಚ್ಚಿ, ಮೇಲೆ ಮೀನೆಣ್ಣೆಯನ್ನೂ ರಾಳವನ್ನೂ ಬಳಿಯುವರು. ಹೀಗೆ ಹೊಲಿದ ದೋಣಿಯು ಅಳಿವೆಯ ಮರಳದಿಬ್ಬಕ್ಕೆ ತಾಗಿದಾಗ ಬಿರಿಯದೆ ಸ್ವಲ್ಪ ಬಳುಕುವುದು; ತೆರೆ ಎತ್ತಿ ಬಡಿದರೂ ತಡೆದುಕೊಳ್ಳುವುದು. ಕೆಟ್ಟ ಹುರಿಯನ್ನು ಬಿಚ್ಚಿ ಹೊಸ ಹುರಿಯಿಂದ ಹೊಲಿದರೆ ಮರುವರ್ಷ ಮತ್ತೆ ನೀರಿಗಿಳಿಯುವುದು. ಆದರೆ ಬಳುಕುವ ಈ ಗುಣವೇ ತೋಪಿಗೆ ಶತ್ರು. ಹತ್ತಾರು ಭಾರವಾದ ತೋಪುಗಳು ಒಮ್ಮೆಲೇ ಹಾರಿದಾಗ ಹಿಮ್ಮೆಟ್ಟುವ ಆಘಾತವನ್ನು ತಾಳಬೇಕಾದರೆ ಹಡಗಿಗೆ ದಪ್ಪನಾದ ಪಕ್ಕೆಮರಗಳು ಬೇಕು, ಆ ಮರಗಳನ್ನು ಹಿಡಿದಿಡುವ ಲೋಹದ ಬೋಲ್ಟುಗಳು ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಅಂತಹ ಹಡಗನ್ನು ನೀರಿನಿಂದ ಮೇಲಕ್ಕೆತ್ತಿ ದುರಸ್ತಿ ಮಾಡುವ ಏರ್ಪಾಡು ಬೇಕು. ಹದಿನೆಂಟನೆಯ ಶತಮಾನದ ಹೊತ್ತಿಗೆ ಮೊಳೆ ಹೊಡೆದ ಗುರಾಬ, ಗಲಿವತ್ತುಗಳೆಂಬ ನಾವೆಗಳು ಇಲ್ಲಿಯೂ ಆಗುತ್ತಿದ್ದುವು. ಆದರೆ ಅವುಗಳಿಗೂ ಯೂರೋಪಿನ ಯುದ್ಧನೌಕೆಗಳಿಗೂ ನಡುವೆ ದೊಡ್ಡ ಅಂತರವಿದ್ದಿತು. ಮೈಸೂರಿನ ದೊರೆಗಳು ದಾಟಬಯಸಿದ ಅಂತರವು ಇದೇ.

1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದು, ಅದರೊಡನೆ ಕೆಳದಿಯ ನಾಯಕರ ಕರಾವಳಿಯನ್ನೂ ತನ್ನದಾಗಿಸಿಕೊಂಡನು. ಒಳನಾಡಿನ ಸೇನಾನಿಯೊಬ್ಬನಿಗೆ ಮೊದಲ ಬಾರಿ ಕಡಲು ಕೈಗೆ ಬಂದಿತು; ಅದರ ಮಹತ್ವವನ್ನು ಅರಿಯುವುದಕ್ಕೆ ಅವನಿಗೆ ತಡವಾಗಲಿಲ್ಲ. ಕುದುರೆಗಳು ಬರುವುದು ಕಡಲಿನಿಂದ; ಗಂಧಕವೂ ಸೀಸವೂ ಬರುವುದು ಕಡಲಿನಿಂದ; ಮುಂಬಯಿಯ ಇಂಗ್ಲಿಷರು ತನ್ನ ಬೆನ್ನಿಗೆ ಬೀಳಬಹುದಾದುದೂ ಕಡಲಿನಿಂದಲೇ. ಮಂಗಳೂರು ಮತ್ತು ಹೊನ್ನಾವರಗಳಲ್ಲಿ ಹಡಗಿನ ಕೆಲಸವು ಮೊದಲಾಯಿತು. ಕಣ್ಣಾನೂರಿನ ಆಲಿರಾಜನ ನೇತೃತ್ವದಲ್ಲಿ ಹೈದರನ ನಾವೆಗಳು ಮಾಲ್ದೀವಿನವರೆಗೂ ಹೋಗಿಬಂದುವೆಂದೂ, ಅಲ್ಲಿಯ ಸುಲ್ತಾನನ ಕಣ್ಣುಗಳನ್ನು ಕೀಳಿಸಿದ ಕ್ರೌರ್ಯಕ್ಕೆ ಹೇಸಿ ಹೈದರನು ಆಲಿರಾಜನಿಂದ ನೌಕಾಬಲವನ್ನು ಕಿತ್ತುಕೊಂಡು ಸ್ಟಾನೆಟ್ ಎಂಬ ಇಂಗ್ಲಿಷನಿಗೆ ಒಪ್ಪಿಸಿದನೆಂದೂ, ಅವನ ಸೇವೆಯಲ್ಲಿದ್ದ ಫ್ರೆಂಚ್ ಅಧಿಕಾರಿಯೊಬ್ಬನ ಗ್ರಂಥದಲ್ಲಿ ಹೇಳಿದೆ. ಈ ವೃತ್ತಾಂತದ ಎಲ್ಲ ವಿವರಗಳನ್ನೂ ಇತಿಹಾಸಕಾರರು ನಂಬುವುದಿಲ್ಲ. ಆದರೆ ಮೈಸೂರಿನ ನೌಕಾಬಲವು ಮೊದಲ ದಿನದಿಂದಲೂ ಎರವಲು ನಾಯಕರನ್ನು ಆಶ್ರಯಿಸಿದ್ದಿತೆಂಬ ಮಾತಿನಲ್ಲಿ ಸಂಶಯವಿಲ್ಲ.

ಅದರ ಫಲವು 1768ರಲ್ಲಿ ಕಂಡಿತು. ಮೊದಲನೆಯ ಮೈಸೂರು ಯುದ್ಧವು ನಡೆಯುತ್ತಿದ್ದಾಗ ಮುಂಬಯಿಯಿಂದ ಹೊರಟ ಇಂಗ್ಲಿಷ್ ನೌಕೆಗಳು ಹೊನ್ನಾವರದ ಎದುರಿಗೆ ಕಾಣಿಸಿಕೊಂಡುವು. ಹೈದರನು ತನ್ನ ನೌಕಾಬಲದ ಪರಮಾಧಿಕಾರವನ್ನು ಲುತ್ಫ್ ಅಲಿ ಬೇಗನೆಂಬ ಅಶ್ವದಳದ ಅಧಿಕಾರಿಗೆ ಕೊಟ್ಟಿದ್ದನು. ಕುದುರೆಯ ಮೇಲೆ ಎಷ್ಟೇ ಶೂರನಾದರೂ ಗಾಳಿಯ ದಿಕ್ಕನ್ನು ಅರಿಯದವನ ಆಜ್ಞೆಗೆ ತಲೆಬಾಗಲು ಹಡಗಿನ ನಾಯಕರಿಗೆ ಮನಸ್ಸಿರಲಿಲ್ಲ. ಅವರು ಗುಂಡು ಹಾರಿಸದೆಯೇ ತಮ್ಮ ಹಡಗುಗಳೊಡನೆ ಇಂಗ್ಲಿಷರ ಪಕ್ಷವನ್ನು ಸೇರಿಬಿಟ್ಟರು. ಬಸವರಾಜದುರ್ಗವೂ ಹೊನ್ನಾವರವೂ ಹೆಚ್ಚಿನ ಪ್ರತಿಭಟನೆಯಿಲ್ಲದೆ ಬಿದ್ದುವು, ಮಂಗಳೂರೂ ಬಿದ್ದಿತು. ಕೆಲವೇ ತಿಂಗಳಲ್ಲಿ ಹೈದರನು ಊರುಗಳನ್ನೆಲ್ಲ ಮರಳಿ ಪಡೆದನು. ಐದು ವರ್ಷಗಳ ಶ್ರಮದಿಂದ ಕಟ್ಟಿದ ಹಡಗುಗಳನ್ನು ಮರಳಿ ಪಡೆಯಲಾಗಲಿಲ್ಲ. ಈ ಕಥೆಯ ಮೊದಲ ತಿರುವು ಇದು. ಇದನ್ನು ಬರಿಯ ದ್ರೋಹವೆಂದು ಕರೆದು ಮುಂದೆ ಸಾಗುವುದು ಸುಲಭವಾದರೂ ನ್ಯಾಯವಲ್ಲ. ಕಡಲಿನಲ್ಲಿ ತಲೆತಲಾಂತರದಿಂದ ಬಾಳಿದ ಖಾರ್ವಿಗಳೂ ಮೊಗೇರರೂ ಅಂಬಿಗರೂ ನವಾಯತರೂ ಇದ್ದ ಸೀಮೆಯಲ್ಲಿ, ಅವರಲ್ಲಿ ಒಬ್ಬನನ್ನಾದರೂ ನೌಕಾಬಲದ ತಲೆಯಾಳಾಗಿ ಬೆಳೆಸುವ ಯೋಚನೆಯು ಆಸ್ಥಾನಕ್ಕೆ ಬಂದಂತೆ ಕಾಣುವುದಿಲ್ಲ.

ಹೈದರನು ಸೋಲಿನಿಂದ ಕಲಿಯಬಲ್ಲವನಾಗಿದ್ದನು. ಎರಡನೆಯ ಪ್ರಯತ್ನದಲ್ಲಿ ಅವನು ಹಡಗಿಗಿಂತ ಮೊದಲು ಹಡಗುಕಟ್ಟೆಯ ಯೋಚನೆ ಮಾಡಿದನು. 1778ರಲ್ಲಿ ಡಚ್ಚರವನಾದ ಜೋಸ್ ಅಜೆಲಾರ್ಸ್ ಎಂಬ ಶಿಲ್ಪಿಯ ಮೇಲ್ವಿಚಾರಣೆಯಲ್ಲಿ ಭಟ್ಕಳದಲ್ಲಿ ಯುದ್ಧನೌಕೆಗಳಿಗೆಂದೇ ಒಂದು ಬಂದರವನ್ನೂ ಶಸ್ತ್ರಾಗಾರವನ್ನೂ ನಿರ್ಮಿಸುವ ಕೆಲಸವು ಆರಂಭವಾಯಿತು. ಈ ಆಯ್ಕೆಯು ವಿವೇಕದ್ದಾಗಿತ್ತು. ಭಟ್ಕಳವು ವಿಜಯನಗರದ ಕಾಲದಿಂದ ಕುದುರೆಯ ವ್ಯಾಪಾರಕ್ಕೆ ಹೆಸರಾದ ರೇವು; ಅಲ್ಲಿಂದ ಘಟ್ಟವನ್ನೇರಿದರೆ ಬಿದನೂರಿನ ಸೀಮೆ, ಅಂದರೆ ಕಬ್ಬಿಣ, ಮರ, ಅಕ್ಕಿಗಳ ನೆಲೆ. ತಮ್ಮ ನೆರೆಯಲ್ಲಿಯೇ ಇಂತಹದೊಂದು ಕಟ್ಟೆ ಏಳುವುದು ಇಂಗ್ಲಿಷರಿಗೆ ಸಮ್ಮತವಾಗಿರಲಿಲ್ಲ. ಡಚ್ಚರ ಕಂಪನಿಯು ತನ್ನವನೇ ಆದ ಶಿಲ್ಪಿಗೆ ನೆರವು ನೀಡಲು ಒಪ್ಪಲಿಲ್ಲ. ಆದರೂ 1780ರ ಹೊತ್ತಿಗೆ ಭಟ್ಕಳದಲ್ಲಿ ಹಲವು ಹಡಗುಗಳ ಒಡಲುಗಳು ಸಿದ್ಧವಾಗಿ ನಿಂತಿದ್ದುವು. ಒಡಲು ಸಿದ್ಧವಾದ ಮೇಲೆ ಪಾಯಿಮರ, ಹಾಯಿಬಟ್ಟೆ, ಹಗ್ಗ, ಲಂಗರು, ತೋಪು, ಖಲಾಸಿಗಳು. ಇವೆಲ್ಲಕ್ಕೂ ಇನ್ನೂ ಎರಡು ಮೂರು ವರ್ಷಗಳ ನೆಮ್ಮದಿ ಬೇಕಾಗಿತ್ತು.

ಆ ನೆಮ್ಮದಿಯು ಸಿಗಲಿಲ್ಲ. 1780ರ ಜುಲೈನಲ್ಲಿ ಹೈದರನು ದೊಡ್ಡ ಸೈನ್ಯದೊಡನೆ ಕರ್ನಾಟಕದ ಘಟ್ಟಗಳನ್ನಿಳಿದು ಆರ್ಕಾಟಿನ ಸೀಮೆಗೆ ನುಗ್ಗಿದನು. ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ರಣದಲ್ಲಿ ಮೈಸೂರಿನ ಬಾಣಗಳು ಇಂಗ್ಲಿಷರ ಮದ್ದಿನ ಗಾಡಿಗಳಿಗೆ ಬೆಂಕಿಯಿಕ್ಕಿದುವು. ಒಳನಾಡಿನಲ್ಲಿ ಮೈಸೂರಿನ ಕಾರ್ಖಾನೆಗಳ ಕೀರ್ತಿಯು ಉತ್ತುಂಗಕ್ಕೇರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪಡುವಣ ತೀರದಲ್ಲಿ ನಡೆದುದೇ ಬೇರೆ: ಇಂಗ್ಲಿಷ್ ನೌಕಾಪತಿ ಸರ್ ಎಡ್ವರ್ಡ್ ಹ್ಯೂಸನು ಮಂಗಳೂರಿನಲ್ಲಿ ಲಂಗರು ಹಾಕಿದ್ದ ಹೈದರನ ಹಡಗುಗಳ ಮೇಲೆ ಬಿದ್ದು ಅವುಗಳನ್ನು ಸುಟ್ಟು ನಾಶಮಾಡಿದನು. ಭೂಮಿಯ ಮೇಲೆ ಗೆಲ್ಲುತ್ತಿದ್ದ ದೊರೆಯು ನೀರಿನ ಮೇಲೆ ಸೋಲುತ್ತಿದ್ದನು. ಭಟ್ಕಳದ ಕೆಲಸವು ಅಲ್ಲಿಗೇ ನಿಂತಿತು.

ಉಳಿದುದು ಹೊನ್ನಾವರ. 1782ರ ಡಿಸೆಂಬರಿನಲ್ಲಿ ಹೈದರನು ಆರ್ಕಾಟಿನ ಸೀಮೆಯ ಪಾಳೆಯದಲ್ಲಿ ತೀರಿಕೊಂಡನು. ಅವನ ಮಗ ಟೀಪುವು ಪಟ್ಟಕ್ಕೆ ಬಂದು ಆಡಳಿತವನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿಯೇ ಜನರಲ್ ಮ್ಯಾಥ್ಯೂಸನು ಮುಂಬಯಿಯ ಪಡೆಯೊಡನೆ ಕುಮಟೆಯ ಬಳಿಯ ರಾಜಮಂಡ್ರಗವೆಂಬ ಕೋಟೆಯನ್ನು ಹಿಡಿದು, 1783ರ ಜನವರಿಯ ಮೊದಲ ವಾರದಲ್ಲಿ ಹೊನ್ನಾವರದ ಕೋಟೆಯನ್ನು ತೋಪಿನಿಂದ ಒಡೆದು ಒಳನುಗ್ಗಿದನು. ಈ ದಾಳಿಯಲ್ಲಿ ನಡೆದ ಕೊಲೆ ಸುಲಿಗೆಗಳ ವಿಷಯದಲ್ಲಿ ಇಂಗ್ಲೆಂಡಿನ ಪತ್ರಿಕೆಗಳಲ್ಲಿಯೇ ಆಗ ವಾಗ್ವಾದವೆದ್ದಿತು. ಒಬ್ಬರು ಬರೆದುದನ್ನು ಇನ್ನೊಬ್ಬರು ಅಲ್ಲಗಳೆದರು. ನಮ್ಮ ಪ್ರಸಂಗಕ್ಕೆ ಮುಖ್ಯವಾದುದು ಬೇರೊಂದು ಸಂಗತಿ. ಶರಾವತಿಯ ಹಿನ್ನೀರಿನಲ್ಲಿ ಹೈದರನು ಕಟ್ಟಿಸಿದ್ದ ಹಡಗುಕಟ್ಟೆಯೂ ಅಲ್ಲಿದ್ದ ಯುದ್ಧನೌಕೆಗಳೂ ಇಂಗ್ಲಿಷರ ಕೈಗೆ ಸಿಕ್ಕಿದುವು. ಅವರು ಅವುಗಳಲ್ಲಿ ಕೆಲವನ್ನು ಅಲ್ಲಿಯೇ ಮುಳುಗಿಸಿದರು. ಎರಡನೆಯ ಪ್ರಯತ್ನವು ಹೀಗೆ ಕೊನೆಗೊಂಡಿತು.

ಮ್ಯಾಥ್ಯೂಸನು ಹೊಸಂಗಡಿಯ ಘಟ್ಟವನ್ನೇರಿ ಬಿದನೂರನ್ನು ಹಿಡಿದುದು, ಟೀಪುವು ಬಿರುಗಾಳಿಯಂತೆ ಬಂದು ಅದನ್ನು ಮರಳಿ ಗೆದ್ದು ಅವನನ್ನು ಸೆರೆಹಿಡಿದುದು, ಮಂಗಳೂರಿಗೆ ಮುತ್ತಿಗೆ ಹಾಕಿದುದು, ಇವು ಎಲ್ಲರೂ ಓದಿದ ಸಂಗತಿಗಳು. ಅದೇ ಕಾಲದಲ್ಲಿ ಹೊನ್ನಾವರದಲ್ಲಿ ಇಂಗ್ಲಿಷರ ಕ್ಯಾಪ್ಟನ್ ಟೊರಿಯಾನೊ ಎಂಬವನು 1783ರ ಮೇ ತಿಂಗಳಿನಿಂದ ಸುಮಾರು ಒಂದು ವರ್ಷಕಾಲ ಟೀಪುವಿನ ಸೈನ್ಯದ ಮುತ್ತಿಗೆಯನ್ನು ಎದುರಿಸಿ ಕೋಟೆಯನ್ನು ಹಿಡಿದಿದ್ದನು. ಜೇಮ್ಸ್ ಫೋರ್ಬ್ಸನು ತನ್ನ ಸ್ಮರಣಗ್ರಂಥದಲ್ಲಿ ಈ ಮುತ್ತಿಗೆಯ ದೀರ್ಘವಾದ ವರ್ಣನೆಯನ್ನು ಸೇರಿಸಿದುದರಿಂದ, ಹೊನ್ನಾವರದ ಹೆಸರು ಕೆಲಕಾಲ ಇಂಗ್ಲೆಂಡಿನ ಓದುಗರಿಗೂ ಪರಿಚಿತವಾಯಿತು. ಕೋಟೆಯೊಳಗೆ ಹಸಿವು, ರೋಗ. ಹೊರಗೆ ಮುತ್ತಿಗೆಯ ಕಂದಕಗಳು. ನಡುವೆ ಊರಿನ ಜನ. 1784ರ ಮಾರ್ಚಿ 11ರಂದು ಆದ ಮಂಗಳೂರಿನ ಒಪ್ಪಂದದಂತೆ ಹೊನ್ನಾವರವು ಟೀಪುವಿಗೆ ಮರಳಿತು. ಮರಳಿದ ಊರು ಹಳೆಯ ಊರಾಗಿ ಉಳಿಯಲಿಲ್ಲ. ಟೀಪುವು ಊರನ್ನು ಪೂರ್ಣವಾಗಿ ಕೆಡವಿಸಿದನೆಂದು, 1801ರಲ್ಲಿ ಕಂಪನಿಯ ಪರವಾಗಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕನನ್ನನು ಬರೆದಿರುವನು. ಇಂಗ್ಲಿಷರ ಬಾಯಿಂದ ಬಂದ ಟೀಪುವಿನ ನಿಂದೆಯನ್ನು ಅಳೆದು ತೂಗಿಯೇ ಸ್ವೀಕರಿಸಬೇಕೆಂದು ಹೇಳುವ ಪಂಡಿತರುಂಟು, ಅದು ಸರಿಯೇ. ಎರಡು ಸೈನ್ಯಗಳ ನಡುವೆ ವರ್ಷವಿಡೀ ನಲುಗಿದ ಊರಿನ ಹಾಳಿನಲ್ಲಿ ಯಾರ ಪಾಲು ಎಷ್ಟೆಂದು ಬೇರ್ಪಡಿಸುವುದು ಕಷ್ಟ. ಹೇಗಿದ್ದರೂ, ನಾಲ್ಕಾರು ಶತಮಾನಗಳ ವ್ಯಾಪಾರದಿಂದ ಬೆಳೆದ ಪಟ್ಟಣವೊಂದು, ತನ್ನ ಬಡಗಿಗಳೊಡನೆ, ಕಮ್ಮಾರರೊಡನೆ, ಹಗ್ಗ ಹೊಸೆಯುವವರೊಡನೆ, ನಾವೆ ನಡೆಸುವ ತಂಡೇಲರೊಡನೆ ಚೆದರಿಹೋಯಿತು. ಹಡಗುಕಟ್ಟೆಯೆಂದರೆ ಇಳಿಜಾರಿನ ಕಲ್ಲುಕಟ್ಟಡವಷ್ಟೇ ಅಲ್ಲ, ಸುತ್ತಲೂ ವಾಸಿಸುವ ಈ ಜನವೇ ಅದರ ನಿಜವಾದ ಬಂಡವಾಳ. ಅದು 1784ರಲ್ಲಿ ಕರಗಿಹೋಯಿತು.

ಒಳನಾಡಿನಲ್ಲಿ ಟೀಪುವಿನ ಕಾರ್ಖಾನೆಗಳ ಪ್ರಗತಿಯು ಬೆರಗುಗೊಳಿಸುವಂತಹದು. 1788ರ ಆಗಸ್ಟಿನಲ್ಲಿ ವರ್ಸೇಲ್ಸಿನ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡ ಅವನ ರಾಯಭಾರಿಗಳು ಹಿಂದಿರುಗುವಾಗ ಹಲವು ಬಗೆಯ ಕುಶಲಕರ್ಮಿಗಳನ್ನು ಫ್ರಾನ್ಸಿನಿಂದ ಕರೆತಂದರು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ (ಹಿಂದಿನ ಬಿದನೂರು) ಇವುಗಳಲ್ಲಿ ಶಸ್ತ್ರಗಳ ಕೆಲಸವು ನಡೆಯುತ್ತಿದ್ದಿತು. ತೋಪನ್ನು ಗಟ್ಟಿಯಾಗಿ ಎರಕಹೊಯ್ದು ಆಮೇಲೆ ಯಂತ್ರದಿಂದ ಕೊರೆಯುವ ಹೊಸ ವಿಧಾನವು ಇಲ್ಲಿಗೂ ಬಂದಿದ್ದಿತು. ಬಿದಿರಿನ ಕೊಳವೆಯ ಬದಲಿಗೆ ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ತುಂಬಿದ ಬಾಣಗಳು ಹೆಚ್ಚು ದೂರ ಹಾರಿದುವು. ಭಟ್ಕಳ ಹೊನ್ನಾವರಗಳ ಮೇಲುಗಡೆ, ಘಟ್ಟದ ನೆತ್ತಿಯಲ್ಲಿರುವ ನಗರದ ಕೋಟೆಯ ಬಾವಿಯೊಂದರ ಕೆಸರಿನಿಂದ 2018ರಲ್ಲಿ ಇಂತಹ ಸಾವಿರಕ್ಕೂ ಮಿಕ್ಕಿದ ಗೇಣುದ್ದದ ಬಾಣಗಳನ್ನು ಪುರಾತತ್ತ್ವ ಇಲಾಖೆಯವರು ಹೊರತೆಗೆದರು. ಶ್ರೀರಂಗಪಟ್ಟಣದಿಂದ ಕೊಂಡೊಯ್ದ ಬಾಣಗಳನ್ನು ಮಾದರಿಯಾಗಿಟ್ಟುಕೊಂಡೇ ವಿಲಿಯಂ ಕಾಂಗ್ರೀವನು ಇಂಗ್ಲೆಂಡಿನ ವೂಲಿಚ್ಚಿನಲ್ಲಿ ತನ್ನ ಬಾಣಗಳನ್ನು ಸಿದ್ಧಪಡಿಸಿದನು. ಎರಕದ ಮನೆಯು ಕೋಟೆಯ ಒಳಗಿರುವುದು. ದೊರೆಯ ಕಣ್ಣೆದುರಿಗೆ ಇರುವುದು. ಯುದ್ಧದ ನಡುವೆಯೂ ಅದರ ಬೆಂಕಿಯನ್ನು ಉರಿಸಬಹುದು. ಹಡಗುಕಟ್ಟೆಗೆ ಆ ಸೌಕರ್ಯವಿಲ್ಲ. ಅದು ಶತ್ರುವಿನ ಹಾದಿಯಲ್ಲಿಯೇ ಬಾಯಿ ತೆರೆದು ಕುಳಿತಿರಬೇಕು.

1792ರ ಶ್ರೀರಂಗಪಟ್ಟಣದ ಒಪ್ಪಂದವು ಟೀಪುವಿನ ರಾಜ್ಯದ ಅರ್ಧವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಕಸಿಯಿತು. ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಒಪ್ಪಿಸಬೇಕಾಯಿತು. ಮಲೆಯಾಳದ ತೀರವೆಲ್ಲ ಇಂಗ್ಲಿಷರ ಪಾಲಾಯಿತು. ಮಂಗಳೂರಿನಿಂದ ಸದಾಶಿವಗಡದವರೆಗಿನ ಕನ್ನಡ ಕರಾವಳಿಯೊಂದೇ ಅವನಿಗೆ ಉಳಿದ ಕಡಲಬಾಗಿಲು. ಅಲ್ಲಿಂದ ಮುಂದೆ ಅವನ ದೃಷ್ಟಿಯು ಕಡಲಿನ ಕಡೆಗೆ ತೀವ್ರವಾಗಿ ಹೊರಳಿತು. ಮಸ್ಕತ್ತಿನಲ್ಲಿ, ಕಚ್ಛದಲ್ಲಿ ಸರಕಾರದ ಕೋಠಿಗಳು ಮೊದಲೇ ಇದ್ದುವು. ಈಗ ವಾಣಿಜ್ಯಕ್ಕೆಂದು ಪ್ರತ್ಯೇಕವಾದ ಮಂಡಲಿ, ಅದಕ್ಕೆ ನಿಬಂಧನೆಗಳು. ಕೊನೆಗೆ 1796ರಲ್ಲಿ ನೌಕಾಬಲವನ್ನು ಕುರಿತ ಪ್ರಸಿದ್ಧವಾದ ಹುಕುಂನಾಮೆ, ಎಂದರೆ ಆಜ್ಞಾಪತ್ರ. ಅದರಂತೆ ಮೀರ್ ಯಮ್ ಎಂಬ ಹನ್ನೊಂದು ಮಂದಿ ಅಧಿಕಾರಿಗಳ ಒಂದು ನೌಕಾಮಂಡಲಿ, ಅವರ ಅಧೀನದಲ್ಲಿ ಮೀರ್ ಬಹರ್ ಎಂಬ ಮೂವತ್ತು ಮಂದಿ ನೌಕಾಪತಿಗಳು; ಒಟ್ಟು 40 ಯುದ್ಧನೌಕೆಗಳು, ಅರ್ಧ ದೊಡ್ಡವು, ಇನ್ನರ್ಧ ಫ್ರಿಗೇಟುಗಳು; ದೊಡ್ಡವುಗಳಲ್ಲಿ ಮೊದಲ ದರ್ಜೆಯವಕ್ಕೆ 72 ತೋಪುಗಳು. ಹಡಗಿನ ಮಾದರಿಯನ್ನು ಸುಲ್ತಾನನೇ ಕಳುಹಿಸುವನು. ಮರವನ್ನು ಸರಕಾರದ ಕಾಡುಗಳಿಂದ ಕಡಿದು ಹೊಳೆಗಳಲ್ಲಿ ತೇಲಿಸಿ ತರಬೇಕು. ಕಟ್ಟೆಗಳು ಮೂರು: ಜಮಾಲಾಬಾದ್ ಎಂದರೆ ಮಂಗಳೂರು, ಮಜೀದಾಬಾದ್ ಎಂದರೆ ಕಾಳಿಯ ಅಳಿವೆಯ ಸದಾಶಿವಗಡ, ಇವೆರಡರ ನಡುವೆ ವಾಜಿದಾಬಾದ್. ಈ ವಾಜಿದಾಬಾದನ್ನು ಇತಿಹಾಸಕಾರ ಮೊಹಿಬ್ಬುಲ್ ಹಸನರು ಮಿರ್ಜಾನಿನ ಹಿನ್ನೀರಿನ ಬಳಿಗೆ ಗುರುತಿಸಿರುವರು. ಹೊನ್ನಾವರದಲ್ಲಿ ಕೆಟ್ಟುಹೋದ ಕೆಲಸವನ್ನು ಕುಮಟೆಯ ಸೀಮೆಯಲ್ಲಿ ಮತ್ತೆ ಹೂಡಿದಂತಾಯಿತು.

ಈ ಹುಕುಂನಾಮೆಯ ಬೆಲೆಯೇನೆಂಬುದರಲ್ಲಿ ಪಂಡಿತರಿಗೆ ಏಕಾಭಿಪ್ರಾಯವಿಲ್ಲ. ಟೀಪುವಿನ ಪತ್ರಗಳನ್ನು 1811ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಕರ್ಕ್‌ಪ್ಯಾಟ್ರಿಕ್ಕನಿಗೆ ಸುಲ್ತಾನನ ಯೋಜನೆಗಳಲ್ಲಿ ಅಹಂಕಾರವೇ ಎದ್ದುಕಂಡಿತು. ಇದು ಗಂಭೀರವಾದ ಸುಧಾರಣೆಯೆಂದೂ, ಕಾಲಮೀರಿ ಬಂದುದೇ ಅದರ ದೋಷವೆಂದೂ ಹೇಳುವವರು ಇನ್ನೊಂದು ಪಕ್ಷ. ಯುದ್ಧಕ್ಕಿಂತ ಮಿಗಿಲಾಗಿ ವ್ಯಾಪಾರದ ಹಡಗುಗಳನ್ನು ಕಾಯುವುದೇ ಅದರ ಉದ್ದೇಶವಾಗಿತ್ತೆಂಬುದು ಮೂರನೆಯ ಮತ. ಆ ಕಾಲದಲ್ಲಿ ಫ್ರಾನ್ಸನ್ನು ಬಿಟ್ಟರೆ ಇಂಗ್ಲಿಷರ ಬಲವು ಹಡಗಿನಲ್ಲಿದೆಯೆಂಬುದನ್ನು ಟೀಪುವಿನಷ್ಟು ಸ್ಪಷ್ಟವಾಗಿ ಅರಿತವರು ಹೆಚ್ಚು ಮಂದಿ ಇರಲಿಲ್ಲವಾದುದರಿಂದ, ಎರಡನೆಯ ಪಕ್ಷವೇ ನನಗೆ ಸಮ್ಮತವಾಗಿ ಕಾಣುತ್ತದೆ. ರೋಗದ ನಿದಾನವು ಸರಿಯಾಗಿತ್ತು. ಔಷಧವನ್ನು ಅರೆಯುವ ಕೈಗಳಿರಲಿಲ್ಲ.

ಸ್ಥಳದ ತೊಂದರೆಯೂ ಇತ್ತು. ಇದನ್ನು ಗ್ರಂಥಗಳಿಗಿಂತ ಇಲ್ಲಿಯ ಮೀನುಗಾರರೇ ಚೆನ್ನಾಗಿ ತಿಳಿಸಬಲ್ಲರು. ಶರಾವತಿಯಾಗಲಿ ಅಘನಾಶಿನಿಯಾಗಲಿ ಮಳೆಗಾಲದಲ್ಲಿ ಘಟ್ಟದಿಂದ ಹೊತ್ತು ತರುವ ಮರಳನ್ನು ಕಡಲಿನ ತೆರೆಗಳು ಎದುರು ನೂಕುವುದರಿಂದ ಅಳಿವೆಯ ಬಾಯಿಯಲ್ಲಿ ದಿಬ್ಬವು ಕಟ್ಟಿಕೊಳ್ಳುವುದು. ವರ್ಷವರ್ಷವೂ ಅದು ಸ್ಥಳವನ್ನು ಬದಲಿಸುವುದು. ಭರತದ ಹೊತ್ತನ್ನು ಕಾದು, ನೀರಿನ ಬಣ್ಣವನ್ನು ನೋಡಿ, ಪಳಗಿದ ತಂಡೇಲನು ಮಾತ್ರ ದೋಣಿಯನ್ನು ಒಳಕ್ಕೆ ತರುವನು. ಪತ್ತೆಮಾರಿ, ಗಲಿವತ್ತುಗಳಂತಹ ಸಣ್ಣ ನಾವೆಗಳಿಗೆ ಇದು ಸಾಧ್ಯ. 72 ತೋಪುಗಳ ಹಡಗಿಗೆ ಸುಮಾರು ಇಪ್ಪತ್ತು ಅಡಿ ಆಳದ ನೀರು ಬೇಕು. ಮಿರ್ಜಾನಿನ ಬಳಿ ಅಂತಹ ಹಡಗನ್ನು ಕಟ್ಟಿದರೂ, ತೋಪು, ಸಾಮಾನು, ಜನಗಳೊಡನೆ ಅದು ಅಳಿವೆಯನ್ನು ದಾಟಿ ಹೋಗುವುದೂ, ಯುದ್ಧದಲ್ಲಿ ಪೆಟ್ಟು ತಿಂದಾಗ ದುರಸ್ತಿಗೆ ಮರಳಿ ಒಳಬರುವುದೂ ಹೇಗೆ? ಜ್ಯೇಷ್ಠದಿಂದ ಭಾದ್ರಪದದವರೆಗೆ ಕಡಲಿನ ಬಾಗಿಲೇ ಮುಚ್ಚಿರುವ ಈ ತೀರದಲ್ಲಿ ಕೆಲಸಕ್ಕೆ ಸಿಗುವ ತಿಂಗಳುಗಳೂ ಕಡಿಮೆ. ಶ್ರೀರಂಗಪಟ್ಟಣದ ಕೋಟೆಯೊಳಗೆ ಕುಳಿತು ಬರೆದ ಆಜ್ಞೆಯಲ್ಲಿ ತೋಪಿನ ಲೆಕ್ಕವಿತ್ತು, ಸಂಬಳದ ಲೆಕ್ಕವಿತ್ತು; ಅಳಿವೆಯ ಮರಳಿನ ಲೆಕ್ಕವಿರಲಿಲ್ಲ.

ನೌಕಾಮಂಡಲಿಯ ಅಧಿಕಾರಿಗಳೂ ಹಳೆಯ ರೀತಿಯವರೇ. ಅವರಲ್ಲಿ ಪ್ರಮುಖನಾದ ಮೀರ್ ಗುಲಾಂ ಅಲಿಯು ಕಾನ್‌ಸ್ಟಾಂಟಿನೋಪಲಿಗೆ ರಾಯಭಾರಿಯಾಗಿ ಹೋಗಿಬಂದವನು, ಗಣ್ಯನು, ನಂಬಿಗಸ್ತನು, ಆದರೆ ನಾವಿಕನಲ್ಲ. ಈ ಮನುಷ್ಯನ ಕೈಯಲ್ಲಿಯೇ ಕಥೆಯು ತನ್ನ ಕೊನೆಯ ತಿರುವನ್ನು ಕಂಡುದು ವಿಧಿವಿಲಾಸ. 1797ರ ಆರಂಭದಲ್ಲಿ ರಿಪೋ ಎಂಬ ಫ್ರೆಂಚ್ ಕಡಲಸಾಹಸಿಯೊಬ್ಬನು ಪಾಯಿಮರ ಮುರಿದ ತನ್ನ ಹಡಗನ್ನು ದುರಸ್ತಿಗೆಂದು ಮಂಗಳೂರಿಗೆ ತಂದನು. ಮಾರಿಷಸ್ಸಿನಲ್ಲಿ ದೊಡ್ಡ ಫ್ರೆಂಚ್ ಸೈನ್ಯವು ಟೀಪುವಿನ ನೆರವಿಗೆ ಕಾದು ನಿಂತಿದೆಯೆಂಬ ಅವನ ಮಾತು ಶುದ್ಧ ಸುಳ್ಳಾಗಿತ್ತು; ಗುಲಾಂ ಅಲಿಯು ಅವನನ್ನು ಸುಲ್ತಾನನಲ್ಲಿಗೆ ಕಳುಹಿಸಿದನು. ಹಲವು ಮಂತ್ರಿಗಳು ಎಚ್ಚರಿಸಿದರೂ ಟೀಪುವು ಮಾರಿಷಸ್ಸಿಗೆ ದೂತರನ್ನು ಅಟ್ಟಿದನು. ಗುಟ್ಟಾಗಿ ನಡೆಯಬೇಕಾದ ಮಾತುಕತೆಯನ್ನು ಅಲ್ಲಿಯ ಗವರ್ನರ್ ಮಲಾರ್ತಿಕನು 1798ರ ಜನವರಿ 30ರಂದು ಬಹಿರಂಗ ಘೋಷಣೆಯ ಮೂಲಕ ಬೀದಿಗೆ ತಂದನು. ಏಪ್ರಿಲಿನಲ್ಲಿ ಮಂಗಳೂರಿಗೆ ಬಂದಿಳಿದ ಸಹಾಯಕರು ನೂರು ಮಂದಿಯೂ ಇರಲಿಲ್ಲ. ಅವರಲ್ಲಿ ನೌಕಾಧಿಕಾರಿಗಳೂ ಕೆಲವೇ ಮಂದಿ ಹಡಗು ಕಟ್ಟುವವರೂ ಇದ್ದರು. 40 ಹಡಗುಗಳ ಕನಸಿಗೆ ಯೂರೋಪಿನಿಂದ ದೊರೆತ ಕೈಗಳು ಇಷ್ಟೇ. ಗವರ್ನರ್ ಜನರಲನಾಗಿ ಆಗತಾನೇ ಬಂದಿದ್ದ ವೆಲ್ಲೆಸ್ಲಿಗೆ ಯುದ್ಧಕ್ಕೆ ಬೇಕಾಗಿದ್ದ ನೆಪವು ಆ ಘೋಷಣೆಯ ಕಾಗದದಲ್ಲಿ ದೊರೆಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಸುಲ್ತಾನನು ಕಾದಾಡುತ್ತಲೇ ಮಡಿದನು. ಗೆದ್ದವರು ಕೋಟೆಯೊಳಗೆ ಎಣಿಸಿದ ತೋಪುಗಳು ಒಂಬೈನೂರಕ್ಕೂ ಹೆಚ್ಚು. ಎರಕದ ಮನೆಗಳೂ ತೋಪು ಕೊರೆಯುವ ಯಂತ್ರಗಳೂ ಅಲ್ಲಿದ್ದುವು. ಕಡಲತೀರದಲ್ಲಿ ಎಣಿಸುವಂತಹ ನೌಕಾಬಲವು ಇರಲಿಲ್ಲ.

ಎರಡು ವರ್ಷಗಳ ಅನಂತರ, 1801ರ ಫೆಬ್ರುವರಿಯಲ್ಲಿ, ಕಂಪನಿಯ ಆಜ್ಞೆಯಂತೆ ದೇಶವನ್ನು ಪರಿಶೀಲಿಸುತ್ತ ಫ್ರಾನ್ಸಿಸ್ ಬುಕನನ್ನನು ಭಟ್ಕಳದ ಕಡೆಯಿಂದ ಹೊನ್ನಾವರಕ್ಕೆ ಬಂದನು. ಹಿಂದೆ ದೊಡ್ಡ ವ್ಯಾಪಾರಸ್ಥಳವಾಗಿದ್ದ ಊರು ಪೂರಾ ನೆಲಸಮವಾಗಿರುವುದನ್ನೂ, ಹೈದರನು ಅಲ್ಲಿ ಯುದ್ಧನೌಕೆಗಳಿಗಾಗಿ ಕಟ್ಟೆಯನ್ನು ಸ್ಥಾಪಿಸಿದ್ದುದನ್ನೂ ಅವನು ಬರೆದುಕೊಂಡನು. ಹಿನ್ನೀರಿನಲ್ಲಿ ಆಗಲೂ ಕೆಲವು ಹಡಗುಗಳ ಅವಶೇಷಗಳು ಕಾಣುತ್ತಿದ್ದುವು: ಹದಿನೆಂಟು ವರ್ಷಗಳ ಹಿಂದೆ ಮ್ಯಾಥ್ಯೂಸನ ಪಡೆಯು ಮುಳುಗಿಸಿದ ಹಡಗುಗಳು ಅವು. ಅಷ್ಟು ವರ್ಷಗಳಾದರೂ ಅವುಗಳನ್ನು ಎತ್ತಿದವರಿಲ್ಲ, ಮರವನ್ನು ಬಿಡಿಸಿ ಬಳಸಿಕೊಂಡವರಿಲ್ಲ. ಮಳೆಗಾಲದ ನೆರೆ, ಉಪ್ಪುನೀರು, ಹಡಗುಹುಳುಗಳು ಆ ಮರವನ್ನು ತಿನ್ನುತ್ತಿದ್ದಾಗಲೇ, ಟೀಪುವಿನ ಕೊನೆಯವರೆಗೂ, ರಾಜಧಾನಿಯಿಂದ ಬೇರೆ ಊರಿನಲ್ಲಿ ಬೇರೆ ಹಡಗುಗಳನ್ನು ಕಟ್ಟುವ ಆಜ್ಞೆಗಳು ಹೊರಡುತ್ತಲೇ ಇದ್ದುವೆಂಬುದನ್ನು ನೆನೆದರೆ ಮನಸ್ಸು ಕಲಕುವುದು.

ಹಡಗಿಗೆ ಒದಗುವ ಮರವು ಈ ಕಾಡುಗಳಲ್ಲಿ ನಿಜವಾಗಿಯೂ ಇದ್ದಿತೆಂಬುದಕ್ಕೆ ಮುಂದಿನ ಇತಿಹಾಸವೇ ಸಾಕ್ಷಿ. ಇಂಗ್ಲೆಂಡಿನಲ್ಲಿ ಓಕ್ ಮರದ ಅಭಾವವುಂಟಾಗಿ, ನೆಪೋಲಿಯನ್ನನೊಡನೆ ಯುದ್ಧವು ನಡೆಯುತ್ತಿದ್ದಾಗ, ಪಡುವಣ ಕರಾವಳಿಯ ಸಾಗುವಾನಿಯ ಮೇಲೆ ಇಂಗ್ಲಿಷರ ಕಣ್ಣು ಬಿದ್ದಿತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ನನನ್ನು ಅರಣ್ಯಗಳ ಸಂರಕ್ಷಕನನ್ನಾಗಿ ನೇಮಿಸಿದರು. ಹೆಸರು ಸಂರಕ್ಷಣೆ, ಕೆಲಸ ಹಡಗಿನ ಮರದ ಸಂಗ್ರಹ. ರೈತನು ತನ್ನ ಹೊಲದ ಅಂಚಿನ ಸಾಗುವಾನಿಯನ್ನು ಕಡಿಯುವುದಕ್ಕೂ ನಿಷೇಧವಾಯಿತು. ಮುಂಬಯಿಯಲ್ಲಿ ವಾಡಿಯಾ ಮನೆತನದ ಪಾರ್ಸಿ ಶಿಲ್ಪಿಗಳು ತೀರದ ಸಾಗುವಾನಿಯಿಂದ ಇಂಗ್ಲಿಷ್ ದೊರೆಯ ನೌಕಾಬಲಕ್ಕೆ ಯುದ್ಧನೌಕೆಗಳನ್ನು ಕಟ್ಟಿದರು. 1817ರಲ್ಲಿ ಅಲ್ಲಿ ನೀರಿಗಿಳಿದ ಟ್ರಿಂಕೋಮಲಿ ಎಂಬ ಫ್ರಿಗೇಟು ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ತೇಲುತ್ತಿದೆ. ಮರವೂ ಭಾರತದ್ದು, ಬಡಗಿಯೂ ಭಾರತದವನು. ವ್ಯತ್ಯಾಸವಿದ್ದುದು ಒಂದರಲ್ಲಿ: ವಾಡಿಯಾ ಮನೆತನದವರು 1736ರಿಂದ ತಂದೆಯ ತರುವಾಯ ಮಗ, ಮಗನ ತರುವಾಯ ಮೊಮ್ಮಗ, ಅದೇ ಕಟ್ಟೆಯಲ್ಲಿ ಕೆಲಸ ಮಾಡುತ್ತ ಬಂದಿದ್ದರು, ಯಾವ ಸೈನ್ಯವೂ ಅವರ ಊರನ್ನು ಕೆಡವಲಿಲ್ಲ. ಕನ್ನಡ ಜಿಲ್ಲೆಯ ಮೊದಲ ಕಲೆಕ್ಟರನಾಗಿ ಈ ಸೀಮೆಯ ಕಷ್ಟಗಳನ್ನು ಬಲ್ಲ ಥಾಮಸ್ ಮನ್ರೋ, ಮದರಾಸಿನ ಗವರ್ನರನಾದ ಮೇಲೆ, 1823ರಲ್ಲಿ ಆ ಸಂರಕ್ಷಕನ ಹುದ್ದೆಯನ್ನು ರದ್ದುಮಾಡಿದನು.

ಆಮೇಲೆ ಒಂದೂವರೆ ಶತಮಾನಕ್ಕೂ ಮಿಕ್ಕಿ ಈ ತೀರದಲ್ಲಿ ಯುದ್ಧನೌಕೆಯ ಮಾತು ಏಳಲಿಲ್ಲ. ಹೊನ್ನಾವರ, ಕುಮಟೆ, ಭಟ್ಕಳಗಳು ಪತ್ತೆಮಾರಿಗಳ, ಮಚ್ವೆಗಳ, ಮೀನುದೋಣಿಗಳ ಬಂದರಗಳಾಗಿಯೇ ಉಳಿದುವು. 1971ರ ಯುದ್ಧದ ಅನುಭವದಿಂದ, ಮುಂಬಯಿಯೊಂದನ್ನೇ ನೆಚ್ಚಿರುವುದು ಸಲ್ಲದೆಂದು ಭಾರತದ ನೌಕಾಪಡೆಯು ಪಶ್ಚಿಮತೀರದಲ್ಲಿ ಇನ್ನೊಂದು ನೆಲೆಯನ್ನು ಹುಡುಕಿದಾಗ, ಆಯ್ಕೆಯು ನಮ್ಮ ಜಿಲ್ಲೆಯ ಕಾರವಾರದ ಮೇಲೆ ಬಿದ್ದಿತು. ದ್ವೀಪಗಳ ಆಸರೆ, ಬೆನ್ನಿಗೆ ಗುಡ್ಡ, ಆಳವಾದ ನೀರು: ಶರಾವತಿಗೂ ಅಘನಾಶಿನಿಗೂ ಇಲ್ಲದ ಅನುಕೂಲಗಳೆಲ್ಲ ಅಲ್ಲಿ ಇದ್ದುವು. ಟೀಪುವಿನ ಮಜೀದಾಬಾದು ಕಾಳಿಯ ಆಚೆದಡದಲ್ಲಿ. ಹೊಸ ನೆಲೆಯು ಊರಿನ ತೆಂಕಣಕ್ಕೆ, ಅರ್ಗಾ ಬಿಣಗಾಗಳ ತೀರದಲ್ಲಿ. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿಯವರು ಅಡಿಗಲ್ಲನ್ನಿಟ್ಟರು. 2005ರ ಮೇ 31ರಂದು ಐಎನ್‌ಎಸ್ ಕದಂಬವೆಂಬ ಹೆಸರಿನಿಂದ ಈ ನೆಲೆಯು ನೌಕಾಪಡೆಗೆ ಸೇರಿತು. 10,000 ಟನ್ ತೂಕದವರೆಗಿನ ಹಡಗನ್ನು ನೀರಿನಿಂದ ನೆಟ್ಟಗೆ ಮೇಲಕ್ಕೆತ್ತಿ, ಹಳಿಗಳ ಮೇಲೆ ಜರುಗಿಸಿ, ಒಣನೆಲದಲ್ಲಿ ನಿಲ್ಲಿಸುವ ಯಂತ್ರವು ಅಲ್ಲಿದೆ. ಹಡಗಿನ ತಳವನ್ನು ಕೆರೆದು, ತುಕ್ಕು ಹಿಡಿದ ತಗಡನ್ನು ಬದಲಿಸಿ, ಮತ್ತೆ ನೀರಿಗಿಳಿಸುವ ದುರಸ್ತಿಕಾರ್ಖಾನೆಯು ಅದಕ್ಕೆ ಹೊಂದಿಕೊಂಡಿದೆ.

ಇದಕ್ಕಾಗಿ ಹದಿಮೂರು ಹಳ್ಳಿಗಳ ಜನರು ಮನೆ, ಗದ್ದೆ, ಮೀನುಗಾರಿಕೆಯ ದಂಡೆಗಳನ್ನು ಬಿಟ್ಟುಕೊಟ್ಟರು. ಅವರ ಪರಿಹಾರದ ಮೊಕದ್ದಮೆಗಳು ನ್ಯಾಯಾಲಯಗಳಲ್ಲಿ ದಶಕಗಳ ಕಾಲ ನಡೆದುವು. ಹಡಗುಕಟ್ಟೆಯ ವೆಚ್ಚದ ಲೆಕ್ಕದಲ್ಲಿ ಈ ಭಾಗವನ್ನೂ ಬರೆದಿಡುವುದು ಇತಿಹಾಸಕಾರನ ಕರ್ತವ್ಯ. ದುರಸ್ತಿಕಾರ್ಖಾನೆಯ ಜೊತೆಗೆ ಅಪ್ರೆಂಟಿಸರ ಶಾಲೆಯೊಂದಿದ್ದು, ಅಲ್ಲಿ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ನರೊಡನೆ ಬಡಗಿಯ ಕೆಲಸವನ್ನೂ ಕಲಿಸುವರು. ಹೈದರ ಟೀಪುಗಳ ಮೂರು ಪ್ರಯತ್ನಗಳಲ್ಲಿಯೂ ಇಲ್ಲದಿದ್ದುದು ಇಂತಹದೊಂದು ಶಾಲೆ. ಅದರಲ್ಲಿ ಹೊನ್ನಾವರ, ಕುಮಟೆ, ಭಟ್ಕಳಗಳ ಖಾರ್ವಿ, ಮೊಗೇರ, ಅಂಬಿಗರ ಮಕ್ಕಳಿಗೂ ನೆಲೆಗಾಗಿ ತೆರವಾದ ಹಳ್ಳಿಗಳ ಮಕ್ಕಳಿಗೂ ಮೊದಲ ಸಾಲಿನಲ್ಲಿ ಸ್ಥಾನ ದೊರೆಯಬೇಕೆಂದು ಕೇಳುವುದಕ್ಕೆ ಈ ಸೀಮೆಯವರಿಗೆ ಎರಡು ಶತಮಾನಗಳ ಹಳೆಯ ಹಕ್ಕಿದೆ.